ಅಡುಗೆಮನೆಯ ಗೋಡೆ ಟೈಲ್: ಸಂದಿಗೆ ಯಾವ ಬಣ್ಣದ ಗ್ರೌಟ್?

ಪ್ರಶ್ನೆ: ಅಡುಗೆ ಕಟ್ಟೆಗೂ ಮೇಲಿನ ಕಪಾಟುಗಳಿಗೂ ನಡುವಿನ ಗೋಡೆಗೆ ಬಿಳಿ ಬಣ್ಣದ, ಹೊಳಪಿನ ಟೈಲ್ ಹಾಕಿಸಿದ್ದೇವೆ. ಒಂದೊಂದು ಟೈಲ್ 75×150 ಮಿಲಿಮೀಟರ್. ಇಟ್ಟಿಗೆ ಕಟ್ಟುವ ಹಾಗೆ ಅರ್ಧರ್ಧ ಸರಿಸಿ ಕೂರಿಸಿದ್ದಾರೆ. ಗೋಡೆ 3 ಮೀಟರ್ ಉದ್ದ, 60 ಸೆಂಟಿಮೀಟರ್ ಎತ್ತರ, ಸಂದು 3 ಮಿಲಿಮೀಟರ್. ಟೈಲಿನ ಮೈ ಸ್ವಲ್ಪ ಅಲೆಅಲೆಯಾಗಿದೆ, ಅಂಚು ದುಂಡಗಿದೆ. ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಸಿಂಕ್. ಸಿಂಕಿನ ಪಕ್ಕದ ಕಿಟಕಿಯಿಂದ ಬೆಳಗಿನ ಬಿಸಿಲು ಗೋಡೆಯ ಮೇಲೆ ಬೀಳುತ್ತದೆ. ಕಪಾಟಿನ ಕೆಳಗೆ ಹಳದಿ ಬೆಳಕಿನ ಎಲ್‌ಇಡಿ ಪಟ್ಟಿ ಇದೆ. ಈಗ ಸಂದಿಗೆ ತುಂಬುವ ಗ್ರೌಟ್‌ನ ಬಣ್ಣದ ವಿಷಯದಲ್ಲಿ ಕೆಲಸ ನಿಂತಿದೆ. ಮನೆಯವರಿಗೆ ಬಿಳಿಯೇ ಬೇಕು. ತಂಗಿ ಕಡು ಬೂದು ಹಾಕಿಸು ಎನ್ನುತ್ತಾಳೆ. ಮೇಸ್ತ್ರಿ, ಬೂದು ಹಾಕಿದರೆ ಕೊಳೆ ಕಾಣುವುದಿಲ್ಲ ಎನ್ನುತ್ತಾರೆ. ಅಂಗಡಿಯವರು, ಎಪಾಕ್ಸಿ ಎಂಬ ರಾಳದ ಗ್ರೌಟ್ ಹಾಕಿದರೆ ಯಾವ ಬಣ್ಣವೂ ಎಂದೂ ಬದಲಾಗುವುದಿಲ್ಲ ಎಂದರು. ಹಿಂದಿನ ಅಡುಗೆಮನೆಯಲ್ಲಿ ಬಿಳಿ ಗ್ರೌಟ್ ಎರಡೇ ವರ್ಷದಲ್ಲಿ ಒಲೆಯ ಹಿಂದೆ ಹಳದಿಗಟ್ಟಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಪ್ಪು ಹಾಕಿಸಿದರೆ ಗೋಡೆ ಚೌಕುಳಿ ಹಾಳೆಯಂತೆ ಕಂಡೀತು ಎಂಬ ಭಯ. ಒಮ್ಮೆ ಹಾಕಿಸಿ ಇಷ್ಟವಾಗದಿದ್ದರೆ ಬದಲಿಸಲು ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬಣ್ಣಗಳ ಹೆಸರಲ್ಲ, ‘ಮೈ ಅಲೆಅಲೆಯಾಗಿದೆ, ಅಂಚು ದುಂಡಗಿದೆ’ ಎಂಬ ಒಂದು ಸಾಲು. ಹೆಚ್ಚಿನವರು ಇದನ್ನು ಬರೆಯುವುದೇ ಇಲ್ಲ. ಶೇಡ್ ಕಾರ್ಡಿನ ಚಿತ್ರ ಕಳಿಸಿ ಇವುಗಳಲ್ಲಿ ಯಾವುದು ಎಂದು ಕೇಳುತ್ತಾರೆ. ಟೈಲ್ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಹೇಳುತ್ತಿದ್ದೇನೆ: ಗ್ರೌಟ್ ಬಣ್ಣ ಕೆಟ್ಟಿತು ಎಂದು ನನ್ನನ್ನು ಕರೆಸಿದ ಮನೆಗಳಲ್ಲಿ ಬಹುಪಾಲು ಕಡೆ ಆರಿಸಿದ ಬಣ್ಣ ತಪ್ಪಾಗಿರಲಿಲ್ಲ. ಟೈಲ್ ಎಷ್ಟು ನೇರವಾಗಿದೆ, ಗ್ರೌಟ್ ಯಾವ ಬಗೆಯದು, ಅದನ್ನು ಹೇಗೆ ಕಲಸುತ್ತಾರೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಬಣ್ಣ ಕೊನೆಗೆ ಬರಬೇಕಾದ ತೀರ್ಮಾನ. ಅದನ್ನು ಮೊದಲೇ ಹಿಡಿದುಕೊಂಡರೆ ಉಳಿದದ್ದೆಲ್ಲ ಅದಕ್ಕೆ ಎಡವುತ್ತದೆ.

ನಿಮ್ಮ ಅಳುಕು ಮೂರು ಬಗೆಯದು ಎಂದು ನನಗೆ ತೋರುತ್ತದೆ. ಬಿಳಿ ಮತ್ತೆ ಹಳದಿಯಾದೀತು, ಕಡು ಬಣ್ಣ ಕಣ್ಣಿಗೆ ಚುಚ್ಚೀತು, ಯಾವುದು ತಪ್ಪಿದರೂ ಹಿಂದಿರುಗುವ ದಾರಿ ಇರಲಾರದು. ಮೂರಕ್ಕೂ ಉತ್ತರವಿದೆ. ಅದಕ್ಕೂ ಮೊದಲು ಒಂದು ಸಣ್ಣ ಲೆಕ್ಕ.

ನಿಮ್ಮ ಗೋಡೆಯ ಮೇಲೆ ಸುಮಾರು 150 ಟೈಲುಗಳಿವೆ. ಅವುಗಳ ನಡುವಿನ ಸಂದುಗಳನ್ನೆಲ್ಲ ಒಂದರ ತುದಿಗೆ ಇನ್ನೊಂದನ್ನು ಇಟ್ಟು ಅಳೆದರೆ 34 ಮೀಟರ್‌ಗಿಂತ ಉದ್ದದ ಗೆರೆಯಾಗುತ್ತದೆ. ಗೋಡೆಯ ಒಟ್ಟು ವಿಸ್ತೀರ್ಣದಲ್ಲಿ ಗ್ರೌಟ್‌ನ ಪಾಲು ಶೇಕಡಾ 6ಕ್ಕೆ ಹತ್ತಿರ. ಇದೇ ಗೋಡೆಗೆ 300×600 ಮಿಲಿಮೀಟರ್ ಟೈಲನ್ನು 2 ಮಿಲಿಮೀಟರ್ ಸಂದಿನಲ್ಲಿ ಹಾಕಿದ್ದರೆ ಗೆರೆ 9 ಮೀಟರ್ ಕೂಡ ಆಗುತ್ತಿರಲಿಲ್ಲ, ಗ್ರೌಟ್‌ನ ಪಾಲು ಶೇಕಡಾ 1. ಇನ್ನು 25 ಮಿಲಿಮೀಟರ್ ಚೌಕದ ಮೊಸಾಯಿಕ್‌ನಲ್ಲಿ 2 ಮಿಲಿಮೀಟರ್ ಸಂದು ಬಿಟ್ಟರೂ ಗ್ರೌಟ್ ಶೇಕಡಾ 14ನ್ನು ದಾಟುತ್ತದೆ. ದೊಡ್ಡ ಟೈಲ್ ಹಾಕಿಸಿದವರು ಗ್ರೌಟ್ ಬಣ್ಣದಲ್ಲಿ ಏನು ಮಹಾ ಎಂದು ಕೇಳುವುದು ಇದಕ್ಕೇ. ಅವರ ಗೋಡೆಯಲ್ಲಿ ಅದು ನಿಜ. ನಿಮ್ಮ ಗೋಡೆಯಲ್ಲಿ ಅಲ್ಲ. 34 ಮೀಟರ್ ಗೆರೆಯನ್ನು ಕಣ್ಣಿಗೆ ಕಾಣುವಂತೆ ಎಳೆಯುವುದೋ, ಮೆಲ್ಲಗೆ ಕರಗಿಸುವುದೋ ಎಂಬುದು ನಿಮ್ಮ ಮುಂದಿರುವ ಮೊದಲ ಪ್ರಶ್ನೆ.

ಕಡು ಬೂದಿನ ಬಗ್ಗೆ ನಿಮ್ಮ ಭಯಕ್ಕೆ ಆಧಾರವಿದೆ, ಆದರೆ ಕಾರಣ ಚೌಕುಳಿ ಅಲ್ಲ. ಬಿಳಿ ಟೈಲಿಗೆ ಕಪ್ಪು ಗೆರೆ ಚೆನ್ನಾಗಿಯೇ ಒಪ್ಪುತ್ತದೆ, ಟೈಲುಗಳ ಅಂಚು ಗೆರೆ ಕೊರೆದಂತೆ ನೇರವಾಗಿದ್ದರೆ. ಟೈಲಿನ ಮೈಗೂ ಗ್ರೌಟಿಗೂ ಬಣ್ಣದ ಅಂತರ ಹೆಚ್ಚಿದಷ್ಟೂ ಜೋಡಣೆಯ ಒಂದೊಂದು ಲೋಪವೂ ಎದ್ದು ನಿಲ್ಲುತ್ತದೆ. ಅರ್ಧ ಮಿಲಿಮೀಟರ್ ಸರಿದ ಟೈಲ್ ಬಿಳಿ ಗ್ರೌಟಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಪ್ಪಿನಲ್ಲಿ ಬಾಗಿಲಿನಿಂದಲೇ ಕಾಣುತ್ತದೆ. ಸಂದಿನ ಅಗಲಕ್ಕೆ ಅಮೆರಿಕದ ಎಎನ್‌ಎಸ್‌ಐ ಮಾನದಂಡದಲ್ಲಿ ಒಂದು ನಿಯಮವಿದೆ: ಟೈಲುಗಳ ಅಳತೆಯಲ್ಲಿ ಒಂದಕ್ಕೊಂದು ಎಷ್ಟು ವ್ಯತ್ಯಾಸವಿದೆಯೋ ಅದರ ಮೂರು ಪಟ್ಟಾದರೂ ಸಂದು ಇರಬೇಕು. ಅಂದರೆ ನಿಮ್ಮ 3 ಮಿಲಿಮೀಟರ್ ಸಂದು 1 ಮಿಲಿಮೀಟರ್ ವ್ಯತ್ಯಾಸವನ್ನು ಹೊಟ್ಟೆಗೆ ಹಾಕಿಕೊಳ್ಳಬಲ್ಲದು. ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂದರೆ ಜೋಡಣೆ ಸಾಲು ತಪ್ಪುವುದಿಲ್ಲ ಎಂದು ಮಾತ್ರ. ಒಂದು ಸಂದು ಎರಡೂವರೆ, ಪಕ್ಕದ್ದು ಮೂರೂವರೆ ಇರುವುದು ಕಡು ಬಣ್ಣದಲ್ಲಿ ಕಂಡೇ ಕಾಣುತ್ತದೆ.

ಇದಕ್ಕೆ ದುಂಡಗಿನ ಅಂಚನ್ನು ಸೇರಿಸಿ ನೋಡಿ. ಅಂಚು ದುಂಡಗಿರುವ ಟೈಲಿನಲ್ಲಿ ಸಂದು ತಳದಲ್ಲಿ 3 ಮಿಲಿಮೀಟರ್ ಇದ್ದರೂ ಮೇಲ್ಮೈಗೆ ಬರುತ್ತ ಅಗಲವಾಗುತ್ತದೆ. ಗ್ರೌಟನ್ನು ಕಂಠದವರೆಗೆ ತುಂಬಿದರೆ ಅದು ಆ ಇಳಿಜಾರನ್ನು ಹತ್ತಿ, ಗೆರೆ ನಾಲ್ಕೈದು ಮಿಲಿಮೀಟರ್ ಆಗಿಬಿಡುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಆದರೂ ಸರಿ, ಆಗುವುದಿಲ್ಲ. ಒರೆಸುವ ಕೈಯ ಒತ್ತಡ ಎಲ್ಲಿ ಜಾಸ್ತಿಯೋ ಅಲ್ಲಿ ಗೆರೆ ಸಣ್ಣ, ಎಲ್ಲಿ ಕಡಿಮೆಯೋ ಅಲ್ಲಿ ದಪ್ಪ. ಹೀಗೆ ಕೋರೆಯಾದ ಕಪ್ಪು ಗೆರೆಗಳನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮನೆಯವರು ಟೈಲ್ ಕೂರಿಸಿದವರನ್ನು ಬೈಯುತ್ತಾರೆ. ಅದೇ ಕೆಲಸಕ್ಕೆ ತಿಳಿ ಬಣ್ಣದ ಗ್ರೌಟ್ ಹಾಕಿದ್ದರೆ ಎಷ್ಟು ಚೆಂದ ಎನ್ನುತ್ತಿದ್ದರು. ನಿಮ್ಮ ಟೈಲಿನ ಸೊಗಸೇ ಆ ಅಲೆಅಲೆಯಾದ ಮೈಯಲ್ಲಿ ಬೆಳಕು ಮುರಿದು ಹರಡುವುದು. ಕಡು ಗೆರೆ ಹಾಕಿದರೆ ಕಣ್ಣು ಬೆಳಕನ್ನು ಬಿಟ್ಟು ಗೆರೆಯ ಹಿಂದೆ ಓಡುತ್ತದೆ.

ಹಾಗೆಂದು ಬಿಳಿ ಹಾಕಿದರೆ ಗೆರೆಗಳೇ ಮಾಯವಾಗಿ ಗೋಡೆ ಒಂದೇ ಹಾಳೆಯಂತಾಗುತ್ತದೆ ಎಂದು ಮನೆಯವರು ಎಣಿಸಿದ್ದರೆ, ಅದೂ ಪೂರ್ತಿ ನಿಜವಲ್ಲ. ನಿಮ್ಮ ಎಲ್‌ಇಡಿ ಪಟ್ಟಿ ಕಪಾಟಿನ ಅಡಿಯಿಂದ ಗೋಡೆಯನ್ನು ಸವರಿಕೊಂಡು ಕೆಳಗಿಳಿಯುತ್ತದೆ. ಸಂದು ಟೈಲಿನ ಮೈಗಿಂತ ತುಸು ಒಳಗಿರುವುದರಿಂದ ಪ್ರತಿ ಅಡ್ಡ ಸಂದಿನಲ್ಲೂ ಒಂದು ತೆಳು ನೆರಳು ಬೀಳುತ್ತದೆ. ದೀಪ ಹಾಕಿದಾಗ ಅಚ್ಚ ಬಿಳಿ ಗ್ರೌಟ್ ಕೂಡ ತಿಳಿ ಬೂದಾಗಿಯೇ ಕಾಣುತ್ತದೆ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಬಿಳಿಗೂ ತಿಳಿ ಬೂದಿಗೂ ನಡುವಿನ ಜಗಳ ಅರ್ಧ ತೀರಿದಂತೆ.

ಇನ್ನೊಂದು ಸೂಕ್ಷ್ಮ. ಬಿಳಿ ಎಂಬುದು ಒಂದೇ ಬಣ್ಣವಲ್ಲ. ನಿಮ್ಮ ಟೈಲ್ ನೀಲಿ ಛಾಯೆಯ ಬಿಳಿಯೋ, ಕೆನೆ ಛಾಯೆಯ ಬಿಳಿಯೋ ಎಂಬುದನ್ನು ಒಂದು ಬಿಳಿ ಕಾಗದದ ಪಕ್ಕದಲ್ಲಿ ಹಿಡಿದು ಹಗಲಿನ ಬೆಳಕಿನಲ್ಲಿ ನೋಡಿ. ಕೆನೆ ಛಾಯೆಯ ಟೈಲಿಗೆ ಅಚ್ಚ ಬಿಳಿ ಗ್ರೌಟ್ ತುಂಬಿದರೆ ಹೊಸ ಟೈಲೇ ಹಳೆಯದಾದಂತೆ ಕಾಣುತ್ತದೆ. ನೀಲಿ ಛಾಯೆಯ ಟೈಲಿಗೆ ಕೆನೆಯ ಗ್ರೌಟ್ ತುಂಬಿದರೆ ಗ್ರೌಟ್ ಮೊದಲ ದಿನವೇ ಕೊಳೆಯಾದಂತೆ ಕಾಣುತ್ತದೆ. ಹೊಂದಿಸುವುದಾದರೆ ಪೂರ್ತಿ ಹೊಂದಬೇಕು. ಇಲ್ಲವಾದರೆ ಬೇಕೆಂದೇ ಬೇರೆ ಮಾಡಿದ್ದು ಎಂದು ಗೊತ್ತಾಗುವಷ್ಟು ಅಂತರವಾದರೂ ಇರಬೇಕು. ಎರಡರ ನಡುವೆ ಸಿಕ್ಕಿಕೊಂಡ ಬಣ್ಣ ತಪ್ಪಿನಂತೆ ಕಾಣುತ್ತದೆ.

ಬೂದು ಕೊಳೆಯನ್ನು ಮುಚ್ಚುತ್ತದೆ ಎಂಬ ಮೇಸ್ತ್ರಿಯ ಮಾತಿಗೆ ಬರೋಣ. ಎಲ್ಲ ಕೊಳೆಯನ್ನೂ ಮುಚ್ಚುವ ಬಣ್ಣ ಯಾವುದೂ ಇಲ್ಲ. ಒಂದೊಂದು ಬಣ್ಣ ಒಂದು ಬಗೆಯ ಕೊಳೆಯನ್ನು ಅಡಗಿಸಿ ಇನ್ನೊಂದನ್ನು ತೋರಿಸುತ್ತದೆ. ಆದ್ದರಿಂದ ನಿಮ್ಮ ಗೋಡೆಯ ಮೇಲೆ ಬೀಳುವುದೇನು ಎಂದು ನೋಡಬೇಕು. ಒಲೆಯ ಕಡೆ ಬೀಳುವುದು ಎಣ್ಣೆ. ಕಾದ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಆವಿಯೊಡನೆ ಎದ್ದು ಗೋಡೆಗೆ ಕೂರುತ್ತದೆ. ಅಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗಿ, ಅಂಟಂಟಾದ ಹಳದಿ, ಆಮೇಲೆ ಕಂದು ಪೊರೆಯಾಗುತ್ತದೆ. ಇದು ಬಿಳಿಯ ಮೇಲೆ ಎದ್ದು ಕಾಣುತ್ತದೆ, ಕಡು ಬಣ್ಣದ ಮೇಲೆ ಅಡಗುತ್ತದೆ. ಸಿಂಕಿನ ಕಡೆ ಕಥೆಯೇ ಬೇರೆ. ಅಲ್ಲಿ ನೀರು ಸಿಡಿದು ಒಣಗುತ್ತದೆ; ಗಡಸು ನೀರಾದರೆ ಅದರಲ್ಲಿನ ಸುಣ್ಣದಂಶ ಬಿಳಿ ಕಲೆಯಾಗಿ ಉಳಿಯುತ್ತದೆ, ಜೊತೆಗೆ ಸೋಪಿನ ಶೇಷ. ಇವು ಬಿಳಿ ಗ್ರೌಟಿನಲ್ಲಿ ಕಾಣುವುದೇ ಇಲ್ಲ, ಕಡು ಬೂದಿನಲ್ಲಿ ಪುಡಿ ಚೆಲ್ಲಿದ ಹಾಗೆ ಕಾಣುತ್ತವೆ. ನಿಮ್ಮ ಗೋಡೆಗೆ ಎರಡೂ ತುದಿ ಇವೆ. ಹಾಗಾಗಿ ಎರಡು ಕೊನೆಯ ಬಣ್ಣಗಳಲ್ಲಿ ಯಾವುದನ್ನು ಆರಿಸಿದರೂ ಗೋಡೆಯ ಒಂದು ತುದಿ ನಿಮ್ಮನ್ನು ಕಾಡುತ್ತದೆ. ಮೇಸ್ತ್ರಿ ಹೇಳಿದ ಬೂದು ತಿಳಿಯದೋ ನಡುವಣದೋ ಆಗಿದ್ದರೆ ಅವರ ಮಾತು ಮುಕ್ಕಾಲು ಸರಿ.

ನಿಮ್ಮ ಹಳೆಯ ಗೋಡೆಯ ಹಳದಿ ಉಜ್ಜಿದರೂ ಹೋಗದಿದ್ದುದಕ್ಕೆ ಕಾರಣ ಬಿಳಿ ಬಣ್ಣವಲ್ಲ, ಗ್ರೌಟಿನ ಹೊಟ್ಟೆ. ಸಿಮೆಂಟ್ ಗ್ರೌಟನ್ನು ನೀರಿನಲ್ಲಿ ಕಲಸುತ್ತಾರೆ. ಸಿಮೆಂಟ್ ತನಗೆ ಬೇಕಾದಷ್ಟು ನೀರನ್ನು ಹಿಡಿದುಕೊಂಡು ಉಳಿದದ್ದನ್ನು ಆವಿಯಾಗಲು ಬಿಡುತ್ತದೆ. ಆ ನೀರು ಇದ್ದ ಜಾಗ ಕೂದಲಿಗಿಂತ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ಎಣ್ಣೆ ಆ ರಂಧ್ರಗಳೊಳಗೆ ಇಳಿದು ಗಟ್ಟಿಯಾದರೆ ಮೇಲಿನಿಂದ ಉಜ್ಜುವ ಬ್ರಷ್ ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೂ ಮೇಲೆ, ಕಲೆ ಹೋಗಲಿ ಎಂದು ಆಮ್ಲ ಬೆರೆತ ದ್ರಾವಣ ಹಾಕಿ ತಿಕ್ಕಿದ್ದರೆ ಸಿಮೆಂಟೇ ಕರಗಿ ಮೈ ಇನ್ನಷ್ಟು ಒರಟಾಗುತ್ತದೆ, ಮುಂದಿನ ಕೊಳೆಗೆ ಇನ್ನಷ್ಟು ಜಾಗ ಸಿಗುತ್ತದೆ. ನೀರು ಹೆಚ್ಚು ಹಾಕಿ ಕಲಸಿದ ಗ್ರೌಟಿನಲ್ಲಿ ರಂಧ್ರಗಳೂ ಹೆಚ್ಚು. ಎರಡು ವರ್ಷದಲ್ಲಿ ಅಷ್ಟು ಹಳದಿಯಾಗಿತ್ತೆಂದರೆ ತೆಳ್ಳಗೆ ಕಲಸಿದ್ದರು ಎಂದು ನನಗೆ ಬಲವಾದ ಗುಮಾನಿ.

ಕಡು ಬಣ್ಣದ ಗ್ರೌಟ್ ಮಾಸುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಬೂದು, ಕಪ್ಪು, ಕಂದು ಗ್ರೌಟುಗಳಿಗೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್ ವರ್ಣದ್ರವ್ಯ ಬೆರೆಸಿರುತ್ತಾರೆ. ಅದು ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಜಗ್ಗುವಂಥದ್ದಲ್ಲ. ಮಾಸಿದಂತೆ ಕಾಣುವುದು ಬೇರೆ ಸಂಗತಿ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗಿ ಮೇಲ್ಮೈಗೆ ಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೋಕಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಬಿಳಿ ಪರದೆಯಂತೆ ಕೂರುತ್ತದೆ. ಬಿಳಿ ಗ್ರೌಟಿನಲ್ಲೂ ಇದು ಆಗುತ್ತದೆ, ಕಾಣುವುದಿಲ್ಲ ಅಷ್ಟೆ. ನಾನು ಉಸ್ತುವಾರಿ ನೋಡಿದ ಒಂದು ಅಡುಗೆಮನೆಯಲ್ಲಿ ಕಡು ಬೂದು ಗ್ರೌಟ್ ತುಂಬುವಾಗ ಎರಡನೇ ಬಕೆಟ್ ಗಟ್ಟಿಯಾಗತೊಡಗಿತು ಎಂದು ಹುಡುಗ ಒಂದು ಲೋಟ ನೀರು ಸುರಿದ. ನಾನು ಪಕ್ಕದ ಕೋಣೆಯಲ್ಲಿದ್ದೆ. ಮೂರನೇ ದಿನ ಹೋಗಿ ನೋಡಿದರೆ ಗೋಡೆಯ ಬಲಭಾಗ ಸೀಸದ ಬಣ್ಣ, ಎಡಭಾಗ ಬೂದಿಯ ಬಣ್ಣ. ನಡುವೆ ಬಕೆಟ್ ಬದಲಾದ ಜಾಗ ಗೆರೆ ಎಳೆದಂತೆ ಸ್ಪಷ್ಟ. ಆ ಅರ್ಧ ಗೋಡೆಯ ಗ್ರೌಟನ್ನು ಕೆರೆದು ತೆಗೆದು ಮತ್ತೆ ತುಂಬಿಸಿದೆವು. ಅಂದಿನಿಂದ ಕಡು ಬಣ್ಣ ಕಲಸುವಾಗ ನಾನು ಬಕೆಟ್ ಬಿಟ್ಟು ಕದಲುವುದಿಲ್ಲ.

ಎಪಾಕ್ಸಿಯ ಬಗ್ಗೆ ಅಂಗಡಿಯವರು ಹೇಳಿದ್ದರಲ್ಲಿ ಸತ್ಯ ಬಹಳಷ್ಟಿದೆ. ಅದು ರಾಳ ಮತ್ತು ಗಟ್ಟಿಗೊಳಿಸುವ ದ್ರಾವಣ ಎರಡನ್ನೂ ಬೆರೆಸಿ ಮಾಡುವ ವಸ್ತು. ನೀರಿಲ್ಲ, ಸಿಮೆಂಟಿಲ್ಲ, ಆದ್ದರಿಂದ ರಂಧ್ರಗಳೂ ಇಲ್ಲವೆನ್ನುವಷ್ಟು ಕಡಿಮೆ, ಬಿಳಿ ಪರದೆಯೂ ಏಳುವುದಿಲ್ಲ. ಎಣ್ಣೆ ಮೇಲೆಯೇ ಕೂರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸಾಕು. ಬಣ್ಣ ಬಕೆಟ್‌ನಿಂದ ಬಕೆಟ್‌ಗೆ ಬದಲಾಗುವುದು ವಿರಳ. ಆದರೆ ಎಂದೂ ಬದಲಾಗುವುದಿಲ್ಲ ಎಂಬ ಮಾತು ಸರಿಯಲ್ಲ. ಬಹಳಷ್ಟು ಎಪಾಕ್ಸಿಗಳು ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಹಳದಿಗೆ ತಿರುಗುತ್ತವೆ, ಇದು ಬಿಳಿಯಲ್ಲಿಯೇ ಹೆಚ್ಚು ಕಾಣುತ್ತದೆ. ನಿಮ್ಮ ಕಿಟಕಿಯ ಬಿಸಿಲು ಬೀಳುವುದು ಸಿಂಕಿನ ಕಡೆ. ಬಿಳಿ ಎಪಾಕ್ಸಿ ಹಾಕಿಸಿದರೆ ಒಲೆಯ ಕಡೆ ಗೆದ್ದು ಕಿಟಕಿಯ ಕಡೆ ಸೋಲುವ ಸಾಧ್ಯತೆ ಇದೆ. ಒಲೆಗೆ ತೀರ ಹತ್ತಿರದ ಸಾಲಿಗೆ ಎಷ್ಟು ಬಿಸಿ ತಗಲುತ್ತದೆ, ಆ ಎಪಾಕ್ಸಿ ಎಷ್ಟು ಡಿಗ್ರಿ ತಾಳುತ್ತದೆ ಎಂಬುದನ್ನೂ ತಯಾರಕರ ತಾಂತ್ರಿಕ ಪತ್ರದಲ್ಲಿ ನೋಡಿಕೊಳ್ಳಬೇಕು.

ಎಪಾಕ್ಸಿಯ ದೊಡ್ಡ ಅಪಾಯ ವಸ್ತುವಿನಲ್ಲಿಲ್ಲ, ಕೈಯಲ್ಲಿದೆ. ಕಲಸಿದ ಮೇಲೆ ಅದನ್ನು ಬಳಸಲು ಸಿಗುವ ಸಮಯ ಕಡಿಮೆ, ಬಿಸಿಲಿನ ದಿನ ಇನ್ನೂ ಕಡಿಮೆ. ಟೈಲಿನ ಮೇಲೆ ಉಳಿದ ಪೊರೆಯನ್ನು ಹಸಿಯಿದ್ದಾಗಲೇ ತೆಗೆಯದಿದ್ದರೆ ಮರುದಿನ ಅದು ಟೈಲಿನ ಭಾಗವೇ ಆಗಿರುತ್ತದೆ. ಅಲೆಅಲೆಯಾದ ಮೈಯ ತಗ್ಗುಗಳಲ್ಲಿ ಈ ಪೊರೆ ಅಡಗಿ ಕೂರುವುದು ಇನ್ನೂ ಸುಲಭ. ನಿಮ್ಮ ಮೇಸ್ತ್ರಿ ಹಿಂದೆ ಎಪಾಕ್ಸಿ ತುಂಬಿದ ಗೋಡೆಯೊಂದನ್ನು ತೋರಿಸಬಲ್ಲರೆ ಧೈರ್ಯವಾಗಿ ಮಾಡಿಸಿ. ನಿಮ್ಮ ಗೋಡೆಯೇ ಅವರ ಮೊದಲ ಗೋಡೆಯಾಗುವುದಾದರೆ ಬೇಡ. ಒಲೆಯ ಹಿಂದೆ ಮಾತ್ರ ಎಪಾಕ್ಸಿ, ಉಳಿದ ಕಡೆ ಸಿಮೆಂಟ್ ಎಂಬ ಸಲಹೆಯೂ ಬರಬಹುದು. ಶೇಡ್ ಕಾರ್ಡಿನಲ್ಲಿ ಎರಡಕ್ಕೂ ಒಂದೇ ಹೆಸರಿದ್ದರೂ ಗೋಡೆಯ ಮೇಲೆ ಹೊಳಪು ಬೇರೆ, ಛಾಯೆ ಬೇರೆ. ಒಂದೇ ಗೋಡೆಯಲ್ಲಿ ಎರಡನ್ನು ಸೇರಿಸಬೇಡಿ.

ಸಿಮೆಂಟ್ ಗ್ರೌಟ್ ಎಂದರೆ ನಿಮ್ಮ ಹಳೆಯ ಅಡುಗೆಮನೆಯಲ್ಲಿದ್ದದ್ದೇ ಎಂದು ಭಾವಿಸಬೇಕಿಲ್ಲ. ಪಾಲಿಮರ್ ಬೆರೆತ ಸುಧಾರಿತ ಬಗೆಗಳಿವೆ. ಚೀಲದ ಮೇಲೆ ಐಎಸ್‌ಒ 13007 ಅಥವಾ ಇಎನ್ 13888 ಮಾನದಂಡದ ಪ್ರಕಾರ ಸಿಜಿ2 ಡಬ್ಲ್ಯು ಎ ಎಂದು ಬರೆದಿದೆಯೇ ನೋಡಿ. ಸಿಜಿ2 ಎಂದರೆ ಸುಧಾರಿತ ಸಿಮೆಂಟ್ ಗ್ರೌಟ್, ಡಬ್ಲ್ಯು ಎಂದರೆ ನೀರು ಹೀರುವಿಕೆ ಕಡಿಮೆ, ಎ ಎಂದರೆ ಸವೆತ ತಡೆಯುವ ಶಕ್ತಿ ಹೆಚ್ಚು. ಗೋಡೆಗೆ ಮುಖ್ಯವಾದದ್ದು ಡಬ್ಲ್ಯು. ಮರಳು ಬೆರೆತದ್ದು, ಬೆರೆಯದ್ದು ಎಂಬ ಆಯ್ಕೆಯೂ ಇರುತ್ತದೆ. ನಿಮ್ಮ 3 ಮಿಲಿಮೀಟರ್ ಸಂದು ಎರಡರ ಗಡಿಯಲ್ಲಿದೆ. ಹೊಳಪಿನ ಮೈಗೆ ಗೀರು ಬೀಳದಿರಲಿ ಎಂದು ನಾನು ಮರಳಿಲ್ಲದ್ದನ್ನೇ ಆರಿಸುತ್ತೇನೆ, ಅದು 3 ಮಿಲಿಮೀಟರ್‌ವರೆಗೆ ಬಳಸಬಹುದು ಎಂದು ಚೀಲದ ಮೇಲೆ ಬರೆದಿದ್ದರೆ.

ಈಗ ಬಣ್ಣ. ನಿಮ್ಮ ಗೋಡೆಗೆ ನಾನು ಹಾಕಿಸುವುದು ಟೈಲಿಗಿಂತ ಒಂದೆರಡು ಮೆಟ್ಟಿಲು ಮಾತ್ರ ಕಡುವಾದ, ನೀಲಿಯ ಕಡೆಗಲ್ಲದೆ ಕಂದಿನ ಕಡೆಗೆ ವಾಲಿದ ತಿಳಿ ಬೂದು. ಎಲ್‌ಇಡಿ ಉರಿಯುವಾಗ ಅದು ನೆರಳಿನ ಬಣ್ಣದಲ್ಲಿ ಬೆರೆತುಹೋಗುತ್ತದೆ. ಎಣ್ಣೆಯ ತೆಳು ಪೊರೆ ಕೂತರೂ ಮುಂದಿನ ಒರೆಸುವವರೆಗೆ ಅಡಗಿರುತ್ತದೆ, ಸಿಂಕಿನ ಕಡೆಯ ಸುಣ್ಣದ ಕಲೆಯೂ ಕಣ್ಣಿಗೆ ಹೊಡೆಯುವುದಿಲ್ಲ. ಇಟ್ಟಿಗೆ ಜೋಡಣೆಯ ಚೆಲುವು ಹಗಲಿನಲ್ಲಿ ಮೆಲ್ಲಗೆ ಕಾಣುತ್ತದೆ, ಸಣ್ಣಪುಟ್ಟ ಲೋಪ ಕಾಣುವುದಿಲ್ಲ. ಇದರ ಕೊರತೆ ಒಂದೇ: ಮನೆಯವರ ಅಚ್ಚ ಬಿಳಿ ಗೋಡೆಯೂ ಅಲ್ಲ, ತಂಗಿಯ ಗಟ್ಟಿ ಗೆರೆಯೂ ಅಲ್ಲ.

ಬಿಳಿಯೇ ಆಗಬೇಕೆಂದರೆ ಅಸಾಧ್ಯವೇನಲ್ಲ. ಸಿಜಿ2 ಡಬ್ಲ್ಯು ಗ್ರೌಟ್ ಹಾಕಿಸಿ, ಒಣಗಿದ ಮೇಲೆ ಒಳಗೆ ಇಳಿಯುವ ಬಗೆಯ ಸೀಲರ್ (ಕಲೆ ಬೇಗ ಇಳಿಯದಂತೆ ಹಚ್ಚುವ ದ್ರಾವಣ) ಹಚ್ಚಿಸಿ, ಒಲೆಯ ಹಿಂಭಾಗವನ್ನು ವಾರಕ್ಕೊಮ್ಮೆಯಲ್ಲ, ದಿನವೂ ಒರೆಸುವ ಅಭ್ಯಾಸ ಇಟ್ಟುಕೊಳ್ಳಬೇಕು. ಸೀಲರ್ ಕಲೆಯನ್ನು ತಡೆದುಬಿಡುತ್ತದೆ ಎಂದು ನಂಬಬೇಡಿ. ಅದು ಎಣ್ಣೆ ಒಳಗಿಳಿಯುವುದನ್ನು ತಡಮಾಡಿ ನಿಮಗೆ ಒರೆಸಲು ಸಮಯ ಕೊಡುತ್ತದೆ, ಸವೆಯುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ. ಬಣ್ಣ ಗಾಢಗೊಳಿಸುವ ಸೀಲರ್‌ಗಳೂ ಇರುವುದರಿಂದ ಡಬ್ಬಿ ಓದಿ ಕೊಳ್ಳಿ.

ಕಡು ಬೂದನ್ನೇ ತಂಗಿಯ ಮಾತಿನಂತೆ ಹಾಕಿಸುವುದಾದರೆ ಒಂದು ಪರೀಕ್ಷೆ ಬಿಡಲೇಬಾರದು. ಉಳಿದ ಟೈಲೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೆರುಗಿನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ನೋಡಿ. ಅಲೆಅಲೆಯಾದ, ಕೈಕೆಲಸದಂತೆ ಕಾಣುವ ಟೈಲುಗಳಲ್ಲಿ ಅವು ಬೇಕೆಂದೇ ಇರುವುದುಂಟು. ಇದ್ದರೆ ಗ್ರೌಟಿನ ಕಪ್ಪು ವರ್ಣದ್ರವ್ಯ ಅವುಗಳೊಳಗೆ ಇಳಿದು ಜೇಡರ ಬಲೆಯಂತೆ ಉಳಿಯುತ್ತದೆ, ಯಾವುದರಿಂದಲೂ ಹೋಗುವುದಿಲ್ಲ. ಬಿಡಿ ಟೈಲಿಗೆ ಅದೇ ಗ್ರೌಟ್ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದು ನೋಡಿದರೆ ಸಂಶಯ ತೀರುತ್ತದೆ.

ಶೇಡ್ ಕಾರ್ಡ್ ನೋಡಿ ಮಾತ್ರ ತೀರ್ಮಾನಿಸಬೇಡಿ. ಕಾಗದದ ಮೇಲಿನ ಮುದ್ರಣಕ್ಕೂ ಸಂದಿನಲ್ಲಿ ಒಣಗಿದ ಗ್ರೌಟಿಗೂ ಸಂಬಂಧ ದೂರದ್ದು. ಅಂಗೈ ಅಗಲದ ಚೌಕದಲ್ಲಿ ತಿಳಿಯಾಗಿ ಕಂಡ ಬಣ್ಣ ಬಿಳಿ ಟೈಲುಗಳ ನಡುವಿನ 3 ಮಿಲಿಮೀಟರ್ ಗೆರೆಯಲ್ಲಿ ಕಡುವಾಗಿ ಕಾಣುತ್ತದೆ. ಸಿಮೆಂಟ್ ಗ್ರೌಟಿಗೆ ಒಂದು ಸುಲಭ ಉಪಾಯವಿದೆ: ಎರಡು ಬಿಡಿ ಟೈಲುಗಳನ್ನು ನಡುವೆ ಸ್ಪೇಸರ್ (ಸಂದಿನ ಅಗಲ ಕಾಯುವ ಸಣ್ಣ ತುಂಡು) ಇಟ್ಟು ಮೇಜಿನ ಮೇಲೆ ಜೋಡಿಸಿ, ನಡುವಿನ ಸಂದಿಗೆ ಗ್ರೌಟಿನ ಒಣ ಪುಡಿಯನ್ನೇ ಒತ್ತಿ ತುಂಬಿ. ಒಣಗಿದ ಗ್ರೌಟಿನ ಬಣ್ಣ ಆ ಪುಡಿಯ ಬಣ್ಣಕ್ಕೆ ಬಹಳ ಹತ್ತಿರ. ಹಸಿ ಗ್ರೌಟ್ ಯಾವಾಗಲೂ ಕಡುವಾಗಿ ಕಾಣುತ್ತದೆ. ತುಂಬಿದ ದಿನ ನೋಡಿ ಗಾಬರಿಯಾಗಬೇಡಿ. ಇಷ್ಟವಾದ ಎರಡು ಮೂರು ಛಾಯೆಗಳನ್ನು ಆಮೇಲೆ ಒಂದು ಹಲಗೆಯ ಮೇಲೆ ನಿಜವಾಗಿ ಕಲಸಿ ತುಂಬಿ, ಮೂರು ದಿನ ಒಣಗಿಸಿ. ಆ ಹಲಗೆಯನ್ನು ಮಲಗಿಸಿ ನೋಡಬೇಡಿ. ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿ, ಬೆಳಿಗ್ಗೆ ಬಿಸಿಲಿನಲ್ಲಿ ಒಮ್ಮೆ, ರಾತ್ರಿ ಎಲ್‌ಇಡಿ ಹಾಕಿ ಒಮ್ಮೆ ನೋಡಿ. ಹಳದಿ ಬೆಳಕಿನ ದೀಪ ಸಾಮಾನ್ಯವಾಗಿ 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಬಿಳಿ ಬೆಳಕಿನದು 6500 ಕೆಲ್ವಿನ್ ಸುಮಾರು. ಒಂದೇ ಬೂದು ಒಂದರಲ್ಲಿ ಮಣ್ಣಿನ ಕಡೆಗೂ ಇನ್ನೊಂದರಲ್ಲಿ ನೀಲಿಯ ಕಡೆಗೂ ವಾಲುತ್ತದೆ. ನಿಮಗೆ ಕಂದಿನ ಕಡೆಯ ಬೂದು ಎಂದದ್ದು ಇದಕ್ಕೇ, ಆದರೂ ನಿಮ್ಮ ದೀಪದಡಿ ನಿಮ್ಮ ಕಣ್ಣೇ ಒಪ್ಪಬೇಕು.

ಕೆಲಸದ ದಿನ ಮೇಸ್ತ್ರಿಯೊಡನೆ ಕೆಲವು ಮಾತು ಮೊದಲೇ ಆಡಿಕೊಳ್ಳಿ. ಟೈಲ್ ಕೂರಿಸಿದ ಅಂಟು ಸಂದಿನಲ್ಲಿ ಉಕ್ಕಿ ನಿಂತಿದ್ದರೆ ಕೆರೆದು ತೆಗೆಯಲಿ. ಟೈಲಿನ ದಪ್ಪದ ಮೂರನೇ ಎರಡು ಭಾಗವಾದರೂ ಆಳ ಖಾಲಿ ಇರಬೇಕು. ಎಲ್ಲಿ ಅಂಟು ಮೇಲೆ ಬಂದಿದೆಯೋ ಅಲ್ಲಿ ಗ್ರೌಟ್ ತೆಳುವಾಗಿ, ಬಣ್ಣ ಬೇರೆಯಾಗಿ ಒಣಗುತ್ತದೆ. ಅಂಟು ಪೂರ್ತಿ ಆರಿರಲಿ. ಗ್ರೌಟ್ ಎಲ್ಲ ಒಂದೇ ಬ್ಯಾಚ್ ಸಂಖ್ಯೆಯದಾಗಿರಲಿ, ಒಂದು ಚೀಲ ಹೆಚ್ಚೇ ಇರಲಿ. ನೀರನ್ನು ಅಳೆಯುವ ಪಾತ್ರೆಯಲ್ಲಿ ಅಳೆದು ಹಾಕಲಿ, ಕಣ್ಣಂದಾಜು ಬೇಡ. ಕಲಸಿ ಐದು ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಲಿ, ಆಮೇಲೆ ಒಂದು ಹನಿ ನೀರೂ ಸೇರಿಸುವಂತಿಲ್ಲ. ಒರೆಸುವ ಸ್ಪಂಜನ್ನು ಚೆನ್ನಾಗಿ ಹಿಂಡಿ, ಸಂದಿಗೆ ಓರೆಯಾಗಿ ಎಳೆಯಲಿ. ನೀರು ಸುರಿಯುವ ಸ್ಪಂಜು ಮೇಲ್ಮೈಯ ವರ್ಣದ್ರವ್ಯವನ್ನೇ ತೊಳೆದುಕೊಂಡು ಹೋಗುತ್ತದೆ. ಕಲೆಕಲೆಯಾದ ಗೋಡೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಕಾರಣ ಇದು. ದುಂಡಗಿನ ಅಂಚಿನ ಇಳಿಜಾರು ಕಾಣುವಂತೆ ಗ್ರೌಟನ್ನು ತುಸು ಒಳಗೇ ನಿಲ್ಲಿಸಲಿ. ಬಿಸಿಲು ಬೀಳುವ ಹೊತ್ತಿನಲ್ಲಿ ಕಿಟಕಿಗೆ ಪರದೆ ಹಾಕಿ, ಇಲ್ಲವಾದರೆ ಆ ಭಾಗ ಬೇಗ ಒಣಗಿ ಬೇರೆ ಬಣ್ಣಕ್ಕೆ ಬರುತ್ತದೆ.

ಇನ್ನೊಂದು ಜಾಗವನ್ನು ಬಹಳ ಜನ ಮರೆಯುತ್ತಾರೆ: ಟೈಲ್ ಕಟ್ಟೆಗೆ ಸೇರುವ ಕೆಳಗಿನ ಸಂದು, ಎರಡು ಗೋಡೆ ಕೂಡುವ ಮೂಲೆ. ಅಲ್ಲಿ ಗ್ರೌಟ್ ತುಂಬಲೇಬಾರದು. ಕಟ್ಟೆಯೂ ಗೋಡೆಯೂ ಬೇರೆ ಬೇರೆ ರೀತಿ ಅಲುಗುತ್ತವೆ, ಗ್ರೌಟ್ ಕೆಲವೇ ತಿಂಗಳಲ್ಲಿ ಬಿರಿಯುತ್ತದೆ, ಆ ಬಿರುಕಿಗೆ ನೀರು ಇಳಿಯುತ್ತದೆ. ಅಲ್ಲಿ ಬೇಕಾದ್ದು ಸಿಲಿಕೋನ್. ಅದೇ ಕಂಪನಿಯ ಗ್ರೌಟ್ ಬಣ್ಣಕ್ಕೆ ಹೊಂದುವ ಸಿಲಿಕೋನ್ ಇದೆಯೇ ಎಂದು ಗ್ರೌಟ್ ಕೊಳ್ಳುವ ಮೊದಲೇ ಕೇಳಿ. ಇಲ್ಲದ ಛಾಯೆಯನ್ನು ಆರಿಸಿದರೆ ಕಟ್ಟೆಯುದ್ದಕ್ಕೂ ಬೇರೆ ಬಣ್ಣದ ಗೆರೆಯೊಂದು ಉಳಿಯುತ್ತದೆ. ತಿಳಿ ಬೂದಿಗೆ ಜೋಡಿ ಸಿಗುವುದು ಸಾಮಾನ್ಯವಾಗಿ ಸುಲಭ.

ಕೊನೆಗೆ, ಬದಲಿಸಲು ಬರುತ್ತದೆಯೇ ಎಂಬ ನಿಮ್ಮ ಪ್ರಶ್ನೆ. ಬರುತ್ತದೆ. ಸಿಮೆಂಟ್ ಗ್ರೌಟಿನ ಮೇಲೆ ಹಚ್ಚುವ ಗ್ರೌಟ್ ಬಣ್ಣಗಳು ಸಿಗುತ್ತವೆ. ಗ್ರೌಟನ್ನು ಜಿಡ್ಡಿಲ್ಲದಂತೆ ತೊಳೆದು, ಪೂರ್ತಿ ಒಣಗಿಸಿ, ಸಣ್ಣ ಬ್ರಷ್‌ನಿಂದ ಸಂದುಸಂದಿಗೆ ಹಚ್ಚಿ, ಟೈಲಿನ ಮೇಲೆ ಬಿದ್ದದ್ದನ್ನು ಆಗಲೇ ಒರೆಸಬೇಕು. 34 ಮೀಟರ್ ಎಂದರೆ ಒಬ್ಬರು ತಾಳ್ಮೆಯಿಂದ ಕೂತು ಮಾಡಬಹುದಾದ ಕೆಲಸ. ತಿಳಿಯದರಿಂದ ಕಡುವಿಗೆ ಹೋಗುವುದು ಸಲೀಸು. ಕಡುವಿನಿಂದ ತಿಳಿಗೆ ಬರಲು ಹೆಚ್ಚು ಲೇಪ ಬೇಕು; ಎಲ್ಲಾದರೂ ಎದ್ದರೆ ಕೆಳಗಿನ ಕಪ್ಪು ಇಣುಕುತ್ತದೆ. ಆದರೆ ಮೊದಲೇ ಸೀಲರ್ ಹಚ್ಚಿದ್ದರೆ ಈ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ಗ್ರೌಟ್ ತುಂಬಿದ ಮೇಲೆ, ಚೀಲದಲ್ಲಿ ಹೇಳಿದಷ್ಟು ದಿನ ಒಣಗಲು ಬಿಟ್ಟು, ಆ ಅವಧಿಯಲ್ಲಿ ಬಣ್ಣ ನಿಮಗೆ ಒಪ್ಪಿಗೆಯೇ ಎಂದು ನೋಡಿಕೊಳ್ಳಿ. ಒಪ್ಪಿದ ಮೇಲೆ ಸೀಲರ್ ಹಚ್ಚಿಸಿ. ಎಪಾಕ್ಸಿಯಾದರೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಅದನ್ನು ಯಂತ್ರದಿಂದ ಕೊರೆದು ತೆಗೆಯಬೇಕು, ನಿಮ್ಮಂಥ ದುಂಡಗಿನ ಅಂಚಿನ ಟೈಲುಗಳಲ್ಲಿ ಒಂದೆರಡರ ಮೆರುಗಾದರೂ ಸಿಡಿಯುತ್ತದೆ. ಮನೆಯಲ್ಲಿ ಮೂವರಿಗೆ ಮೂರು ಮನಸ್ಸಿರುವಾಗ ತಿಳಿ ಬೂದು ಸಿಮೆಂಟ್ ಗ್ರೌಟಿನಿಂದ ಆರಂಭಿಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಆರು ತಿಂಗಳ ನಂತರ ತಂಗಿಯ ಮಾತೇ ಸರಿ ಎನಿಸಿದರೆ ಮೊದಲು ಸೀಲರನ್ನು ಅದಕ್ಕೆಂದೇ ಇರುವ ದ್ರಾವಣದಿಂದ ತೆಗೆಸಿ, ಕಡು ಬೂದನ್ನು ಮೇಲೆ ಹಚ್ಚಿಸಬಹುದು. ಉಳಿದ ಟೈಲುಗಳಲ್ಲಿ ಹತ್ತಾದರೂ ಎತ್ತಿಡಿ. ಆಗ ಬಣ್ಣವನ್ನು ಮೊದಲು ಅವುಗಳ ಮೇಲೆ ಪರೀಕ್ಷಿಸಬಹುದು.